ಹಾಸಿಗೆಯ ಲೆಕ್ಕಕ್ಕೆ ಸಿಗದ ಸಂಸಾರ

ಗಂಡಸರಿಬ್ಬರ ಪ್ರೀತಿಯ ಬಗ್ಗೆ ಈ ಎರಡು ದಶಕಗಳಲ್ಲಿ ನಮ್ಮಲ್ಲಿ ನಡೆದ ಚರ್ಚೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪರ ನಿಂತವರೂ ವಿರೋಧಿಸಿದವರೂ ಹಾಸಿಗೆಯನ್ನು ನಡುವೆ ಇಟ್ಟುಕೊಂಡೇ ಮಾತಾಡಿದ್ದಾರೆ. ಅದು ಅಪರಾಧವೋ ಅಲ್ಲವೋ, ಸಹಜವೋ ಅಲ್ಲವೋ, ರೋಗ ಹರಡುತ್ತದೋ ಇಲ್ಲವೋ ಎಂಬುದೇ ವಾದ. ಹಾಸಿಗೆಯ ಹಂಬಲವೇ ಇಲ್ಲದ, ಅಥವಾ ಹಳೆಯ ಗಾಯದಿಂದಾಗಿ ಆ ದಾರಿ ಬೇಡವೆಂದ ಇಬ್ಬರು ಗಂಡಸರು ಪರಸ್ಪರ ಪ್ರೀತಿಸಿ ಒಂದೇ ಸೂರಿನಡಿ ಬಾಳಲು ಹೊರಟರೆ ಅವರು ಯಾರು? ಗೆಳೆಯರೇ, ರೋಗಿಗಳೇ, ಸಂಗಾತಿಗಳೇ? ಬೆಳಗಾವಿ ನಗರವನ್ನೂ ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರವನ್ನೂ ಎದುರಿಗಿಟ್ಟುಕೊಂಡು ಈ ಪ್ರಶ್ನೆಯ ಸುತ್ತ ಇರುವ ತಿಳಿವಳಿಕೆ, ಕಾನೂನು ಮತ್ತು ಸಾಹಿತ್ಯವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಾತಿಗೊಂದು ಆಧಾರವಿರಲೆಂದು ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಉದ್ಯಮಬಾಗದ ಫೌಂಡ್ರಿಯಲ್ಲಿ ಶಿಫ್ಟಿಗೆ ಹೋಗುವವನು. ಇನ್ನೊಬ್ಬ ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ಇಬ್ಬರಿಗೂ ಮೂವತ್ತು ದಾಟಿದೆ. ಒಬ್ಬನ ಮನೆಮಾತು ಕನ್ನಡ, ಇನ್ನೊಬ್ಬನದು ಮರಾಠಿ. ಇಬ್ಬರಿಗೂ ಬಾಲ್ಯದಲ್ಲೋ ಹರೆಯದಲ್ಲೋ ಆದ ಪೆಟ್ಟೊಂದಿದೆ, ಅದನ್ನು ಮನೆಯಲ್ಲಿ ಹೇಳಿಲ್ಲ.

ಊರು ಎಷ್ಟು ಒಪ್ಪುತ್ತದೆ?

ಮೇಲ್ನೋಟಕ್ಕೆ ನಮ್ಮ ಊರುಗಳು ಇಂಥವರಿಗೆ ಅನುಕೂಲವಾಗಿಯೇ ಇವೆ. ಗಂಡಸರಿಬ್ಬರು ಹೆಗಲ ಮೇಲೆ ಕೈಹಾಕಿ ಖಡೇಬಜಾರಿನಲ್ಲಿ ನಡೆದರೆ, ಒಂದೇ ಬೈಕಿನಲ್ಲಿ ಜಾಂಬೋಟಿ ದಾರಿ ಹಿಡಿದರೆ, ಸವದತ್ತಿ ಜಾತ್ರೆಯಲ್ಲಿ ಒಂದೇ ಕೌದಿ ಹೊದ್ದು ಮಲಗಿದರೆ ಯಾರೂ ತಿರುಗಿ ನೋಡುವುದಿಲ್ಲ. 'ಭಾರೀ ದೋಸ್ತಿ ಐತಿ ಇಬ್ರದೂ' ಎಂದು ಮೆಚ್ಚುವವರೇ ಹೆಚ್ಚು. ಗಂಡು ಹೆಣ್ಣು ಕೈಹಿಡಿದು ನಡೆದರೆ ಹುಬ್ಬೇರಿಸುವ ಕಣ್ಣಿಗೆ ಇದು ಏನೂ ಅನಿಸುವುದಿಲ್ಲ.

ಆದರೆ ಈ ಸಲಿಗೆಗೆ ಒಂದು ವಾಯಿದೆ ಇದೆ. ವಯಸ್ಸು ಇಪ್ಪತ್ತೆಂಟು, ಮೂವತ್ತರ ಹತ್ತಿರ ಬಂದಂತೆ ಮನೆಯಲ್ಲಿ ಮಾತು ಶುರುವಾಗುತ್ತದೆ. 'ಲಗ್ನ ಆದ್ರ ಎಲ್ಲಾ ಸರಿ ಆಗ್ತೈತಿ' ಎಂದು ಕನ್ನಡದ ಮನೆಯಲ್ಲಿ, 'ಲಗ್ನ ಕರ್, ಸಗಳಂ ಠೀಕ್ ಹೋಯೀಲ್' ಎಂದು ಮರಾಠಿ ಮನೆಯಲ್ಲಿ. ಊರಿನ ಹೆಸರಿನಿಂದ ಹಿಡಿದು ಅಂಗಡಿ ಬೋರ್ಡಿನವರೆಗೆ ತಕರಾರಿರುವ ಎರಡು ಭಾಷೆಗಳು ಈ ಒಂದು ಮಾತಿನಲ್ಲಿ ಮಾತ್ರ ಒಮ್ಮತಕ್ಕೆ ಬಂದಿವೆ. ದೋಸ್ತಿಯನ್ನು ಒಪ್ಪಿದ್ದು ಅದು ಸಂಸಾರಕ್ಕೆ ಪೈಪೋಟಿಯಲ್ಲ ಎಂಬ ನಂಬಿಕೆಯ ಮೇಲೆ. 'ನನಗೆ ಇವನೇ ಸಂಸಾರ' ಎಂದ ಗಳಿಗೆಯಲ್ಲಿ ಆ ನಂಬಿಕೆ ಮುರಿಯುತ್ತದೆ, ಅದರ ಜೊತೆ ಸಲಿಗೆಯೂ.

ಕಾಮವಿಲ್ಲದ ಬದುಕಿಗೆ ಈ ನೆಲದಲ್ಲಿ ಗೌರವವೇ ಇಲ್ಲವೆಂದಲ್ಲ. ಮಠಗಳ ಸ್ವಾಮಿಗಳು, ಜೈನ ಮುನಿಗಳು ಇಲ್ಲಿ ಪೂಜ್ಯರು. ಆದರೆ ಆ ಗೌರವ ಸಲ್ಲುವುದು ವ್ರತಕ್ಕೆ. ಆಸೆಯಿದ್ದು ಅದನ್ನು ಗೆದ್ದವನಿಗೆ ಪಾದಪೂಜೆ, ಆಸೆಯೇ ಹುಟ್ಟದವನಿಗೆ ಗೇಲಿ. ಇದೇ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯಲ್ಲಿ (1972) ಗಂಡಸುತನವಿಲ್ಲದ ಗೌಡನೇ ಬಂಜರಿನ, ದಬ್ಬಾಳಿಕೆಯ ಪ್ರತೀಕ. ನೇಗಿಲು ಹಿಡಿದ ಬಸಣ್ಣನೇ ಫಲವಂತಿಕೆ. ಜಮೀನ್ದಾರಿಯನ್ನು ಬಯಲಿಗೆಳೆಯಲು ಆ ರೂಪಕ ಅದ್ಭುತವಾಗಿ ಕೆಲಸ ಮಾಡಿತು. ಆದರೆ ಮಳೆ, ಬೆಳೆ, ಬಸಿರುಗಳನ್ನು ಒಂದೇ ದಾರದಲ್ಲಿ ಪೋಣಿಸುವ ಈ ಜಾನಪದ ಲೋಕದಲ್ಲಿ ಆಸೆಯಿಲ್ಲದ ಸಾಮಾನ್ಯ ಗಂಡಸು ಮರ್ಯಾದೆಯಿಂದ ಕೂರಲು ಜಾಗವಿಲ್ಲ ಎಂಬುದನ್ನೂ ಒಪ್ಪಬೇಕು.

ಆಸೆ ಇಲ್ಲದಿರುವುದು ಕಾಯಿಲೆಯೇ?

ಯಾರ ಬಗ್ಗೆಯೂ ಲೈಂಗಿಕ ಆಕರ್ಷಣೆ ಹುಟ್ಟದ ಜನ ಇದ್ದಾರೆ ಎಂಬುದು ಹೊಸ ಶೋಧವಲ್ಲ. ಅಮೆರಿಕದ ಆಲ್‌ಫ್ರೆಡ್ ಕಿನ್ಸಿ 1948ರಲ್ಲೇ ತನ್ನ ಲೈಂಗಿಕ ಒಲವಿನ ಅಳತೆಪಟ್ಟಿಯಲ್ಲಿ ಹೊಂದದವರಿಗೆ 'ಎಕ್ಸ್' ಎಂಬ ಬೇರೆ ಗುರುತು ಕೊಟ್ಟಿದ್ದ. 2001ರಲ್ಲಿ ಡೇವಿಡ್ ಜೇ ಅಲೈಂಗಿಕರಿಗಾಗಿ 'ಏವನ್' ಎಂಬ ಬಳಗ ಕಟ್ಟಿದ. ಕೆನಡಾದ ಮನೋವಿಜ್ಞಾನಿ ಆಂಟನಿ ಬೊಗಾರ್ಟ್ 2004ರಲ್ಲಿ ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯನ್ನು ಪರಿಶೀಲಿಸಿ, ಸುಮಾರು ಶೇಕಡಾ 1ರಷ್ಟು ಮಂದಿ ತಮಗೆ ಯಾರ ಮೇಲೂ ಎಂದೂ ಅಂಥ ಆಕರ್ಷಣೆ ಆಗಿಲ್ಲವೆಂದಿದ್ದನ್ನು ಎತ್ತಿ ತೋರಿಸಿದ. 2013ರಲ್ಲಿ ಬಂದ ಅಮೆರಿಕನ್ ಮನೋವೈದ್ಯರ ಕೈಪಿಡಿ 'ಡಿಎಸ್‌ಎಂ-5', ತನ್ನನ್ನು ತಾನು ಅಲೈಂಗಿಕ ಎಂದು ಗುರುತಿಸಿಕೊಳ್ಳುವವನಿಗೆ ಕಾಮಾಸಕ್ತಿ ಕೊರತೆಯ ರೋಗದ ಹಣೆಪಟ್ಟಿ ಹಚ್ಚಬಾರದೆಂದು ಸ್ಪಷ್ಟಪಡಿಸಿತು. ಭಾರತದಲ್ಲಿ ಈ ಮಾತನ್ನು ಗಟ್ಟಿಯಾಗಿ ಎತ್ತಿದವರಲ್ಲಿ ವೈದ್ಯೆ ಪ್ರಗತಿ ಸಿಂಗ್ ಮುಖ್ಯರು. 2019ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ಅವರ ಹೆಸರಿತ್ತು.

ಇಲ್ಲಿ ಓದುಗರು ಹಿಡಿದಿಟ್ಟುಕೊಳ್ಳಬೇಕಾದ ಮಾತೊಂದೇ: ಮೋಹ ಬೇರೆ, ಕಾಮ ಬೇರೆ. ಅಲೈಂಗಿಕನಿಗೂ ಒಬ್ಬ ವ್ಯಕ್ತಿಗಾಗಿ ಎದೆ ಮಿಡಿಯಬಹುದು, ಅವನ ಫೋನಿಗಾಗಿ ಕಾಯಬಹುದು, ಅವನು ಬೇರೆಯವರ ಜೊತೆ ನಕ್ಕರೆ ಹೊಟ್ಟೆ ಉರಿಯಬಹುದು, ಅವನ ಜೊತೆ ಮುದುಕನಾಗುವ ಆಸೆ ಇರಬಹುದು. ಅಪ್ಪಿಕೊಳ್ಳುವುದು ಕೆಲವರಿಗೆ ಇಷ್ಟ, ಕೆಲವರಿಗೆ ಬೇಡ. ಆ ಮಿಡಿತ ಗಂಡಸಿನ ಕಡೆಗಿದ್ದರೆ ಅವನು ಏಕಕಾಲಕ್ಕೆ ಎರಡು ಬಗೆಯಲ್ಲಿ ಅಲ್ಪಸಂಖ್ಯಾತ.

ಗಾಯದ ಪ್ರಶ್ನೆ

ಇನ್ನು ಈ ಚರ್ಚೆಯ ಅತ್ಯಂತ ಸಿಕ್ಕಾದ ಭಾಗ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಅವರಲ್ಲಿ ಶೇಕಡಾ 53 ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಅನುಭವಿಸಿದ್ದರು. ಹಾಗೆ ಹೇಳಿಕೊಂಡವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಗಂಡುಮಕ್ಕಳು. ಹುಡುಗರಿಗೆ ಇಂಥದ್ದೇನೂ ಆಗುವುದಿಲ್ಲ ಎಂಬ ನೆಮ್ಮದಿಯನ್ನು ಆ ಅಂಕಿ ಅಲ್ಲಾಡಿಸಬೇಕಿತ್ತು. ಅಲ್ಲಾಡಿಸಲಿಲ್ಲ.

ಕಾನೂನಿನ ಕಥೆ ಇನ್ನೂ ವಿಚಿತ್ರ. ಮಕ್ಕಳನ್ನು ಲಿಂಗಭೇದವಿಲ್ಲದೆ ಕಾಯುವ ಪೋಕ್ಸೋ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಚೋರ್ಲಾ ಘಾಟಿನ ಆಚೆ ಗೋವಾದಲ್ಲಿ 2003ರಿಂದಲೇ ಮಕ್ಕಳ ಕಾಯ್ದೆಯೊಂದಿತ್ತು. ಘಾಟಿನ ಈಚೆ, ಪೋಕ್ಸೋ ಬರುವವರೆಗೆ, ಖಾನಾಪುರದ ಹುಡುಗನ ಮೇಲೆ ಅತ್ಯಾಚಾರವಾದರೆ ಪೊಲೀಸರ ಕೈಯಲ್ಲಿದ್ದ ಮುಖ್ಯ ಕಲಂ ಒಂದೇ, 1860ರ ದಂಡಸಂಹಿತೆಯ 377. ಅದೇ ಕಲಂ, ದೊಡ್ಡವನಾದ ಮೇಲೆ ಇನ್ನೊಬ್ಬ ಗಂಡಸನ್ನು ಪ್ರೀತಿಸಿದರೆ ಅವನನ್ನೇ ಅಪರಾಧಿಯಾಗಿಸುತ್ತಿತ್ತು. ಅಂದರೆ ನಾವು ಕಲ್ಪಿಸಿಕೊಂಡ ಈ ಇಬ್ಬರ ತಲೆಮಾರಿಗೆ ದೂರು ಕೊಡುವ ಬಾಗಿಲು, ಕೈಗೆ ಬೀಳುವ ಕೋಳ ಎರಡೂ ಒಂದೇ ಆಗಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಸಮ್ಮತಿಯ ಸಂಬಂಧವನ್ನು ಆ ಕಲಮಿನಿಂದ ಹೊರಗಿಟ್ಟು, ಬಲಾತ್ಕಾರದ ಭಾಗವನ್ನು ಉಳಿಸಿಕೊಂಡಿತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಉಳಿದ ಭಾಗವನ್ನೂ ಕೈಬಿಟ್ಟಿತು. ಪರಿಣಾಮವಾಗಿ ಇವತ್ತು ವಯಸ್ಕ ಗಂಡಸಿನ ಮೇಲೆ ಅತ್ಯಾಚಾರವಾದರೆ ಅದನ್ನು ಅತ್ಯಾಚಾರ ಎನ್ನುವ ಕಲಂ ಇಲ್ಲ. ಹಲ್ಲೆ, ಗಾಯದ ಕಲಮುಗಳಲ್ಲೇ ಹೊಂದಿಸಿಕೊಳ್ಳಬೇಕು.

ಹೀಗೆ ಬಾಯಿ ಕಟ್ಟಿದ ಗಾಯದ ಬಗ್ಗೆ ಎರಡು ತಪ್ಪು ತೀರ್ಮಾನಗಳು ಚಾಲ್ತಿಯಲ್ಲಿವೆ. ಒಂದು, 'ಚಿಕ್ಕವನಿದ್ದಾಗ ಹಂಗಾಗಿದ್ದಕ್ಕ ಹಿಂಗಾದ' ಎಂಬುದು. ಶೋಷಣೆಗೆ ಒಳಗಾದ ಗಂಡಸರಲ್ಲಿ ಬಹುಪಾಲು ಮಂದಿ ಹೆಣ್ಣನ್ನೇ ಬಯಸುತ್ತಾರೆ, ಗಂಡನ್ನು ಬಯಸುವವರಲ್ಲಿ ಅನೇಕರಿಗೆ ಅಂಥ ಅನುಭವವೇ ಇರುವುದಿಲ್ಲ. ಇನ್ನೊಂದು, ಅಲೈಂಗಿಕತೆಯನ್ನು ಸಮರ್ಥಿಸುವವರಲ್ಲೇ ಕೆಲವರು ಹಿಡಿಯುವ ವಾದ: ಗಾಯವಿದ್ದವನು ನಿಜವಾದ ಅಲೈಂಗಿಕನಲ್ಲ, ಅವನಿಗೆ ಬೇಕಿರುವುದು ಚಿಕಿತ್ಸೆ ಮಾತ್ರ. ತಮ್ಮ ಗುರುತು ರೋಗವೆನಿಸಬಾರದೆಂಬ ಆತಂಕ ಇದರ ಹಿಂದಿದೆ. ಆದರೆ ಮನುಷ್ಯರು ಇಷ್ಟು ಅಚ್ಚುಕಟ್ಟಾಗಿ ವಿಂಗಡಣೆಯಾಗುವುದಿಲ್ಲ. ಕೆಲವರಿಗೆ ಆಸೆ ಮೊದಲಿನಿಂದಲೂ ಇರಲಿಲ್ಲ. ಕೆಲವರಿಗೆ ಇತ್ತು, ಭಯ ಅದನ್ನು ಮುಚ್ಚಿತು. ಕೆಲವರಿಗೆ ಎರಡೂ ಹೆಣೆದುಕೊಂಡಿವೆ, ಯಾವುದು ಮೊದಲೆಂದು ಅವರಿಗೂ ಗೊತ್ತಿಲ್ಲ.

ಒಳ್ಳೆಯ ವೈದ್ಯರು ಇಲ್ಲಿ ಕೇಳುವ ಪ್ರಶ್ನೆಗಳು ಬೇರೆ. ಆಸೆಯಿಲ್ಲದಿರುವುದು ನಿನಗೆ ಸಂಕಟವೋ, ಮಂದಿ ಹಂಗಿಸುವುದು ಸಂಕಟವೋ? ರಾತ್ರಿ ಬೆಚ್ಚಿ ಏಳುತ್ತೀಯಾ? ಯಾವುದೋ ವಾಸನೆ, ದನಿ, ಜಾಗಕ್ಕೆ ಮೈ ನಡುಗುತ್ತದೆಯೇ? ನಡುಗುವುದಾದರೆ ಚಿಕಿತ್ಸೆ ಬೇಕಾಗಿರುವುದು ಆ ನಡುಕಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಐಸಿಡಿ-11, ದೀರ್ಘಕಾಲದ ಅಥವಾ ಮರುಕಳಿಸಿದ ಹಿಂಸೆಯಿಂದಾಗುವ ಆಘಾತಕ್ಕೆ ಪ್ರತ್ಯೇಕ ಹೆಸರು ಕೊಟ್ಟಿದೆ. ತನ್ನ ಮೇಲೆ ತನಗೇ ಹೇಸಿಗೆ, ಹತ್ತಿರದವರನ್ನು ನಂಬಲಾಗದಿರುವುದು, ಸಿಟ್ಟು-ದುಃಖಗಳ ಮೇಲೆ ಹಿಡಿತ ತಪ್ಪುವುದು ಅದರ ಲಕ್ಷಣಗಳು.

ಪ್ರೀತಿ ಇಲ್ಲಿ ಏನು ಮಾಡಬಲ್ಲದು? ಆಘಾತದ ನಂತರ ಯಾರಲ್ಲಿ ಕಾಯಿಲೆ ಬೇರೂರುತ್ತದೆ ಎಂಬ ಅಧ್ಯಯನಗಳನ್ನು ಕ್ರಿಸ್ ಬ್ರೂಯಿನ್ ಮತ್ತು ಸಂಗಡಿಗರು 2000ದಲ್ಲಿ ಒಟ್ಟುಗೂಡಿಸಿ ನೋಡಿದಾಗ, ಘಟನೆಯ ನಂತರ ಜೊತೆಗೆ ನಿಲ್ಲುವವರಿಲ್ಲದಿರುವುದು ಪ್ರಬಲ ಕಾರಣಗಳಲ್ಲಿ ಒಂದಾಗಿ ಕಂಡಿತು. ಜೊತೆಗೆ ನಿಲ್ಲುವುದು ಎಂದರೆ ದೊಡ್ಡ ಮಾತಲ್ಲ. ರಾತ್ರಿಪಾಳಿ ಮುಗಿಸಿ ಬಂದವನು ಮಲಗಿದವನ ಭುಜ ಹಿಡಿದು ಅಲುಗಿಸುವುದಿಲ್ಲ. ಬಾಗಿಲಲ್ಲೇ ನಿಂತು ಹೆಸರು ಹಿಡಿದು ಕರೆಯುತ್ತಾನೆ, ಅವನು ಕಣ್ಣುಬಿಟ್ಟು ಯಾರೆಂದು ಗುರುತಿಸಿದ ಮೇಲೆ ಒಳಗೆ ಬರುತ್ತಾನೆ. ಅಡುಗೆಮನೆಯಲ್ಲಿ ಹಿಂದಿನಿಂದ ಹಾದುಹೋಗುವಾಗ 'ನಾ ಬಂದೆ' ಎನ್ನುತ್ತಾನೆ. ಚಿಲಕ ಯಾವ ಕಡೆ ಇರಬೇಕು, ದೀಪ ಆರಿಸಬೇಕೋ ಬೇಡವೋ, ಕೈಹಿಡಿಯಲು ಇವತ್ತು ಮನಸ್ಸಿದೆಯೋ ಇಲ್ಲವೋ ಎಂದು ಕೇಳಿ ತಿಳಿಯುತ್ತಾನೆ. ಕೇಳದೆ ಮುಟ್ಟಿದ ಕೈಯಿಂದ ಆದ ಗಾಯಕ್ಕೆ, ಕೇಳಿ ಮುಟ್ಟುವ ಕೈ ಮದ್ದಾಗುವುದು ಹೀಗೆ. ಕಾಮದ ನಿರೀಕ್ಷೆಯೇ ಇಲ್ಲದ ಸಂಬಂಧದಲ್ಲಿ ಇದು ಎಷ್ಟೋ ಸಲೀಸು. ಈ ಅಪ್ಪುಗೆ ಮುಂದೆ ಎಲ್ಲಿಗೆ ಹೋಗುತ್ತದೋ ಎಂಬ ಭಯ ಅಲ್ಲಿರುವುದಿಲ್ಲ.

ಹಾಗೆಂದು ಪ್ರೀತಿಯೇ ಚಿಕಿತ್ಸೆಯಲ್ಲ. ಇಬ್ಬರೂ ನೊಂದವರಾದಾಗ ಒಬ್ಬನ ದುಃಸ್ವಪ್ನ ಇನ್ನೊಬ್ಬನ ನಿದ್ದೆಯನ್ನೂ ಕೆಡಿಸುತ್ತದೆ. ಒಬ್ಬ ಮೌನಕ್ಕೆ ಜಾರಿದರೆ ಇನ್ನೊಬ್ಬನಿಗೆ ಕೈಬಿಟ್ಟಂತಾಗುತ್ತದೆ. ಒಬ್ಬನೇ ಮನುಷ್ಯ ಸಂಗಾತಿ, ದಾದಿ, ವೈದ್ಯ, ಗುಟ್ಟಿನ ಪೆಟ್ಟಿಗೆ ಎಲ್ಲವೂ ಆಗಲು ಹೋದರೆ ಪ್ರೀತಿಯೇ ದಣಿಯುತ್ತದೆ. ಹೊರಗಿನ ಆಸರೆ ಇದ್ದರೇ ಒಳಗಿನದು ಉಳಿಯುವುದು.

ಗಾಂಧಿ ಮತ್ತು ಕಾಲೆನ್‌ಬಾಕ್

ಹಾಸಿಗೆಯಿಲ್ಲದೆ ಆಳವಾಗಿ ಬೆಸೆದುಕೊಂಡ ಗಂಡಸರಿಬ್ಬರ ದಾಖಲೆಯಿರುವ ಉದಾಹರಣೆ ಬೇಕೆಂದರೆ, ಬೆಳಗಾವಿಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಬದುಕಿನಲ್ಲೇ ಇದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿ, ಅದಕ್ಕೂ ಹದಿನಾರು ವರ್ಷ ಹಿಂದೆ ಜೋಹಾನ್ಸ್‌ಬರ್ಗಿನಲ್ಲಿ ಹರ್ಮನ್ ಕಾಲೆನ್‌ಬಾಕ್ ಎಂಬ ಜರ್ಮನ್ ಯಹೂದಿ ವಾಸ್ತುಶಿಲ್ಪಿಯ ಮನೆಯಲ್ಲಿ ವಾಸಕ್ಕೆ ಹೋಗಿದ್ದರು. 1910ರಲ್ಲಿ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ 1,100 ಎಕರೆ ಜಮೀನು ಬಿಟ್ಟುಕೊಟ್ಟವನು ಇದೇ ಕಾಲೆನ್‌ಬಾಕ್. ಅದೇ ಟಾಲ್‌ಸ್ಟಾಯ್ ಫಾರ್ಮ್. ಪತ್ರಗಳಲ್ಲಿ ಗಾಂಧಿ ತಮ್ಮನ್ನು 'ಮೇಲ್ಮನೆ' ಎಂದೂ ಗೆಳೆಯನನ್ನು 'ಕೆಳಮನೆ' ಎಂದೂ ಕರೆದುಕೊಳ್ಳುತ್ತಿದ್ದರು. 1911ರಲ್ಲಿ ಕಾಲೆನ್‌ಬಾಕ್ ಯುರೋಪಿಗೆ ಹೊರಟಾಗ ಇಬ್ಬರೂ ಅರ್ಧ ತಮಾಷೆಯ ಕರಾರುಪತ್ರವೊಂದನ್ನು ಬರೆದುಕೊಂಡರು. ದುಂದುವೆಚ್ಚ ಮಾಡಬಾರದು, ಹೋದಲ್ಲಿ ಮದುವೆ ಮಾಡಿಕೊಳ್ಳಬಾರದು, ಪ್ರೀತಿ ಹೆಚ್ಚುತ್ತಲೇ ಹೋಗಬೇಕು ಎಂಬುದು ಅದರ ತಿರುಳು. 1914ರ ಯುದ್ಧ ಅವರನ್ನು ಬೇರ್ಪಡಿಸಿತು. ಜರ್ಮನ್ ಪ್ರಜೆಯೆಂದು ಕಾಲೆನ್‌ಬಾಕ್ ಬ್ರಿಟಿಷರ ವಶದಲ್ಲಿ ಬಂಧಿಯಾದ. ಮತ್ತೆ ಭೇಟಿಯಾದದ್ದು 1937ರಲ್ಲಿ.

2011ರಲ್ಲಿ ಜೋಸೆಫ್ ಲೆಲಿವೆಲ್ಡ್ ಬರೆದ ಗಾಂಧಿ ಚರಿತ್ರೆ ಈ ಪತ್ರಗಳನ್ನು ಚರ್ಚಿಸಿದಾಗ ಜಗತ್ತು ಕೇಳಿದ್ದು ಒಂದೇ ಪ್ರಶ್ನೆ: ಅವರ ನಡುವೆ 'ಅದು' ಇತ್ತೇ? ಹಾಗೆಂದು ತಾನು ಬರೆದಿಲ್ಲವೆಂದು ಲೇಖಕ ಹೇಳಿದರೂ ಗುಜರಾತ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಮರುವರ್ಷ ಭಾರತ ಸರ್ಕಾರ ಹರಾಜಿಗೆ ಹೊರಟಿದ್ದ, ಕಾಲೆನ್‌ಬಾಕ್‌ಗೆ ಸಂಬಂಧಿಸಿದ ದಾಖಲೆಗಳ ಸಂಗ್ರಹವನ್ನು ಕೊಂಡುಕೊಂಡಿತು. ಗಾಂಧಿ 1906ರಲ್ಲೇ ಬ್ರಹ್ಮಚರ್ಯದ ವ್ರತ ಹಿಡಿದಿದ್ದರು. ಅದು ಹುಟ್ಟುಗುಣವಲ್ಲ, ಆಸೆಯ ಜೊತೆಗಿನ ಹೋರಾಟ. ಆದ್ದರಿಂದ ಅವರನ್ನು ಇಂದಿನ ಯಾವ ಗುರುತಿನೊಳಗೂ ತುರುಕುವುದು ತಪ್ಪು. ಗಮನಿಸಬೇಕಾದದ್ದು ಬೇರೆ. 'ಅದು' ಇತ್ತೆಂದವರು ಈ ಸಂಬಂಧವನ್ನು ಹಗರಣವಾಗಿಸಿದರು, ಇರಲಿಲ್ಲವೆಂದವರು ಬರೀ ಸ್ನೇಹವೆಂದು ತಳ್ಳಿಹಾಕಿದರು. ಕರಾರು ಬರೆದುಕೊಳ್ಳುವಷ್ಟು ಗಟ್ಟಿಯಾದ ಬಂಧ ಕಣ್ಣೆದುರೇ ಇದ್ದರೂ ಅದಕ್ಕೆ ಅದರದೇ ಮರ್ಯಾದೆ ಸಿಗಲಿಲ್ಲ.

ಕೋರ್ಟು, ಕ್ಲಿನಿಕ್ಕು, ಕಥೆ

ನಮ್ಮ ಸಂಸ್ಥೆಗಳ ಕಣ್ಣೂ ಇದೇ ಬಗೆಯದು. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಂತೆ ಗಂಡ ಅಥವಾ ಹೆಂಡತಿಯ ನಪುಂಸಕತೆಯಿಂದ ಕೂಡುವಿಕೆಯೇ ನಡೆಯದಿದ್ದರೆ ಮದುವೆಯನ್ನು ರದ್ದುಪಡಿಸಬಹುದು. ಸಕಾರಣವಿಲ್ಲದೆ ದೀರ್ಘಕಾಲ ಕೂಡದಿರುವುದು ಮಾನಸಿಕ ಕ್ರೌರ್ಯವಾಗಬಹುದೆಂದು ಸುಪ್ರೀಂ ಕೋರ್ಟು 2007ರ ಸಮರ್ ಘೋಷ್ ತೀರ್ಪಿನಲ್ಲಿ ಹೇಳಿದೆ. 2023ರ ಜೂನಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ಬಂದ ಪ್ರಕರಣವೂ ಇಂಥದ್ದೇ. ಪ್ರೀತಿಯೆಂದರೆ ಆತ್ಮಗಳ ಮಿಲನ, ದೇಹದ್ದಲ್ಲ ಎಂದು ನಂಬಿದ ಗಂಡ. ಕೆಲವೇ ವಾರಗಳಲ್ಲಿ ಮನೆ ಬಿಟ್ಟ ಹೆಂಡತಿ. ಗಂಡನ ನಡತೆ ವಿವಾಹ ಕಾಯ್ದೆಯಡಿ ಕ್ರೌರ್ಯವಾಗಬಹುದು, ಆದರೆ ದಂಡಸಂಹಿತೆಯ 498ಎ ಅಡಿ ಅಪರಾಧವಲ್ಲವೆಂದು ನ್ಯಾಯಾಲಯ ಕ್ರಿಮಿನಲ್ ಮೊಕದ್ದಮೆಯನ್ನು ರದ್ದುಗೊಳಿಸಿತು. 'ಲಗ್ನ ಆದ್ರ ಸರಿ ಆಗ್ತೈತಿ' ಎಂದು ನೂಕುವ ಮನೆಯವರು ಓದಬೇಕಾದ ತೀರ್ಪಿದು. ಅಲ್ಲಿ ಸೋಲುವವಳು ಏನೂ ಅರಿಯದೆ ಬಂದ ಹೆಣ್ಣುಮಗಳೂ ಹೌದು.

ಆರೋಗ್ಯ ಇಲಾಖೆಯ ಕಣ್ಣಿಗೆ ಗಂಡನ್ನು ಪ್ರೀತಿಸುವ ಗಂಡಸು ಬಿದ್ದದ್ದು ಎಚ್‌ಐವಿ ತಡೆಯ ಕಾಲದಲ್ಲಿ. 2003ರಲ್ಲಿ ಶುರುವಾದ 'ಆವಾಹನ್' ಕಾರ್ಯಕ್ರಮ ಬೆಳಗಾವಿ ಜಿಲ್ಲೆಯಲ್ಲೂ ನಡೆಯಿತು. ಕಾಂಡೋಮು, ಪರೀಕ್ಷೆ, ಸಂಘಟನೆಗಳ ಮೂಲಕ ಅದು ಅನೇಕರ ಜೀವ ಉಳಿಸಿತು. ಆದರೆ ಅದರ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಕ್ರಿಯೆ. ಕ್ರಿಯೆಯಿಲ್ಲದವನು ಆ ಪಟ್ಟಿಗೂ ಸೇರಲಿಲ್ಲ, ಅದರ ಜೊತೆ ಬರುತ್ತಿದ್ದ ಆಪ್ತಸಲಹೆಗೂ ಗೆಳೆಯರ ಕೂಟಕ್ಕೂ ದೂರವೇ ಉಳಿದ.

ಸಾಹಿತ್ಯದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' (2013) ಕನ್ನಡಕ್ಕೂ, ಸಚಿನ್ ಕುಂಡಲ್ಕರರ 'ಕೋಬಾಲ್ಟ್ ಬ್ಲೂ' (2006) ಮರಾಠಿಗೂ ಬಾಗಿಲು ತೆರೆದವು. ಎರಡೂ ಆಸೆಯನ್ನು ನಾಚದೆ ನಡುಮನೆಗೆ ತಂದವು. ಆಸೆಯನ್ನೇ ಅಪರಾಧವೆನ್ನುತ್ತಿದ್ದ ಕಾಲಕ್ಕೆ ಅದೇ ತುರ್ತಾಗಿತ್ತು. ಮುಂದಿನ ಕಥೆಗಾರರು ಆಸೆಯ ಆಚೆಗಿನ ಸಂಸಾರವನ್ನೂ ಬರೆಯಬೇಕಿದೆ.

ಈಗ ಕೈಗೆಟಕುವುದು ಏನು?

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ, ಆಯ್ದುಕೊಂಡ ಕುಟುಂಬವೂ ಕುಟುಂಬವೇ ಎಂದಿತು. ಉದ್ಯಮಬಾಗ–ಖಾನಾಪುರದ ನಮ್ಮ ಜೋಡಿಗೆ ಈ ಎರಡನೆಯ ಮಾತೇ ಹೆಚ್ಚು ಹೊಂದುತ್ತದೆ.

ಸಣ್ಣಪುಟ್ಟ ಹಿಡಿಗಳು ಈಗಲೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಕಲಮಿನಂತೆ ಯಾವ ವಯಸ್ಕನೂ ತನಗೆ ಬೇಕಾದವರನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ ನೇಮಿಸಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು, ರಕ್ತಸಂಬಂಧ ಬೇಕಿಲ್ಲ. ಮಾನಸಿಕ ಚಿಕಿತ್ಸೆಯ ತೀರ್ಮಾನಗಳಲ್ಲಿ ಆ ವ್ಯಕ್ತಿಯ ಮಾತಿಗೆ ಬೆಲೆಯಿದೆ. 'ಪೇಷಂಟಿಗೆ ನೀವು ಏನಾಗಬೇಕು?' ಎಂದು ಕೌಂಟರಿನಲ್ಲಿ ಕೇಳಿದಾಗ ತೋರಿಸಲು ಇದೊಂದು ಕಾಗದವಾದರೂ ಇರುತ್ತದೆ. ಇದೇ ಕಾಯ್ದೆ ಲೈಂಗಿಕ ಒಲವಿನ ಆಧಾರದ ಮೇಲೆ ಭೇದ ಮಾಡಬಾರದೆನ್ನುತ್ತದೆ. ಒಲವನ್ನು 'ಸರಿಪಡಿಸುವ' ಚಿಕಿತ್ಸೆ ವೃತ್ತಿದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಉಯಿಲು ಬರೆಯಲು ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ. ನಾಮಿನಿಯಾದ ಮಾತ್ರಕ್ಕೆ ವಾರಸುದಾರನಾಗುವುದಿಲ್ಲವಾದ್ದರಿಂದ ಮನೆ-ಹಣ ಸಂಗಾತಿಗೇ ಸಿಗಬೇಕೆಂದರೆ ಉಯಿಲು ಬೇಕೇ ಬೇಕು.

ಮನಸ್ಸಿನ ಗಾಯಕ್ಕೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತವಾಗಿದೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಬಸ್ಸಿನ ದಾರಿಯಲ್ಲೇ ಇದೆ. ಆದರೆ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೇರೆಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇಕಡಾ 70ರಿಂದ 92 ಮಂದಿಗೆ ಚಿಕಿತ್ಸೆಯೇ ತಲುಪುತ್ತಿಲ್ಲ. ಗಡಿಭಾಗದಲ್ಲಿ ಇನ್ನೊಂದು ತೊಡಕಿದೆ. ಗಾಯದ ಮಾತು ಬರುವುದು ಮನೆಮಾತಿನಲ್ಲಿ. ಖಾನಾಪುರದ ಹುಡುಗನಿಗೆ ಮರಾಠಿಯಲ್ಲೋ ಕೊಂಕಣಿಯಲ್ಲೋ ಕೇಳಿಸಿಕೊಳ್ಳುವ, ಬೈಲಹೊಂಗಲದ ಹುಡುಗನಿಗೆ ಕನ್ನಡದಲ್ಲಿ ಕೇಳಿಸಿಕೊಳ್ಳುವ ಆಪ್ತಸಲಹೆಗಾರರು ಬೇಕು. ಕೇಳಿಸಿಕೊಂಡ ಮೇಲೆ 'ಲಗ್ನ ಮಾಡ್ಕೊ' ಎನ್ನದವರೂ ಆಗಿರಬೇಕು.

ಒಟ್ಟಾರೆ ನೋಡಿದರೆ ಪ್ರಶ್ನೆಗಳನ್ನೇ ಬದಲಿಸಬೇಕಿದೆ. ಹಾಸಿಗೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ ಕಾನೂನು ನಮ್ಮನ್ನು 158 ವರ್ಷ ಸತಾಯಿಸಿತು. ಯಾಕೆ ಹೀಗಾದಿರಿ ಎಂದು ಕೇಳುವ ವೈದ್ಯವೂ ಸಮಾಜವೂ ಇನ್ನೂ ಸತಾಯಿಸುತ್ತಿವೆ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂಬ ಮೂರನೆಯ ಪ್ರಶ್ನೆ ಕೇಳಿದ್ದರೆ ಉತ್ತರ ಸುಲಭವಾಗಿತ್ತು. ಗಾಯ ಮಾಗಿದ ಮೇಲೆ ಆಸೆ ಚಿಗುರಿದರೆ ಚಿಗುರಲಿ, ಚಿಗುರದಿದ್ದರೆ ಬಿಡಲಿ, ಅದು ಅವರಿಬ್ಬರ ಸಂಗತಿ. ಇಬ್ಬರ ಬಂಧ ನಿಜವೋ ಸುಳ್ಳೋ ಎಂಬುದು ಅದರ ಮೇಲೆ ನಿಲ್ಲಬಾರದು. ವಯಸ್ಕ ಗಂಡಸಿನ ಮೇಲಿನ ಅತ್ಯಾಚಾರಕ್ಕೆ ಕಲಂ ತರುವುದು, ಆರೈಕೆಯನ್ನೇ ಆಧಾರವಾಗಿಟ್ಟು ಜೊತೆಬಾಳುವೆಯನ್ನು ನೋಂದಾಯಿಸಲು ದಾರಿ ಮಾಡುವುದು, ತಾಲೂಕು ಮಟ್ಟದಲ್ಲಿ ಎರಡೂ ಭಾಷೆ ಬಲ್ಲ ಸಲಹೆಗಾರರನ್ನು ಕೂರಿಸುವುದು: ಈ ಮೂರೂ ಸರ್ಕಾರದ ಅಳವಿನಲ್ಲಿರುವ ಕೆಲಸಗಳು. ನಾಲ್ಕನೆಯದು ನಮ್ಮ ಅಳವಿನದು. ಮೂವತ್ತು ದಾಟಿದ ಗಂಡಸರಿಬ್ಬರು ಬಾಡಿಗೆ ಮನೆ ಕೇಳಿಕೊಂಡು ಬಂದಾಗ ಬಾಡಿಗೆ, ಡಿಪಾಜಿಟ್ಟಿನ ಮಾತಷ್ಟೇ ಆಡಿ ಕೀಲಿ ಕೊಡುವುದು.